ಒಂದೇ ರೀಲಿನಲ್ಲಿ ಸುಷ್ಮಾ ಸ್ವರಾಜ್ ಮತ್ತು ನಾನು

ನನ್ನ ತೊಟ್ಟಿಲ ಕಾರ್ಯದ ಫೋಟೊ ನಮ್ಮ ಮನೆಯಲ್ಲಿ ನಾಲ್ಕೇ ಇವೆ. ಅಣ್ಣನದು ಒಂದು ಆಲ್ಬಂ ತುಂಬ ಇದೆ. ಪಿಯುಸಿ ಓದುವಾಗ ಒಮ್ಮೆ ಇದೇ ವಿಷಯಕ್ಕೆ ಅಮ್ಮನ ಜತೆ ಜಗಳ ತೆಗೆದಿದ್ದೆ. ಹೆಣ್ಣು ಅಂತ ತಾನೇ ಹೀಗೆ ಮಾಡಿದ್ದು ಅಂತ. "ನನ್ನನ್ಯಾಕೆ ಕೇಳ್ತಿ? ಹೋಗಿ ಆ ಸೋನಿಯಾ, ಸುಷ್ಮಾನ ಕೇಳು" ಅಂದಿದ್ದಳು ಅಮ್ಮ.

ಸಿಟ್ಟಿಗೆ ಆಡಿದ ಮಾತಲ್ಲ ಅದು. ನಾನು ಹುಟ್ಟಿದ್ದು 1999ರ ಆಗಸ್ಟ್ ಕೊನೆಯಲ್ಲಿ, ಬಳ್ಳಾರಿಯಲ್ಲಿ. ಸೋನಿಯಾ ಗಾಂಧಿ ಅಮೇಠಿಯ ಜತೆಗೆ ನಮ್ಮೂರಿನಿಂದಲೂ ಲೋಕಸಭೆಗೆ ನಿಂತಿದ್ದರು. ಎದುರಿಗೆ ಸುಷ್ಮಾ ಸ್ವರಾಜ್. 1952ರಿಂದ ಅಲ್ಲಿಯವರೆಗೆ ಕಾಂಗ್ರೆಸ್ ಬಿಟ್ಟು ಬೇರೆ ಯಾರನ್ನೂ ಗೆಲ್ಲಿಸದ ಊರು ನಮ್ಮದು. ಅಂಥ ಊರಿಗೆ ಬಂದ ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು, ಕನ್ನಡದಲ್ಲೇ ಭಾಷಣ ಶುರು ಮಾಡಿದರು. ಸೊಸೆಯೋ ಮಗಳೋ ಅಂತ ಚಹಾದಂಗಡಿಗಳಲ್ಲಿ ವಾದ. ನಮ್ಮ ಮನೆಯ ವಾದ ನನ್ನ ಹೆಸರಿನವರೆಗೂ ಬಂದಿತ್ತು. ಚಿಕ್ಕಪ್ಪ ಸುಷ್ಮಾ ಅಂತ ಇಡೋಣ ಅಂದರೆ ತಾತ ಊಟ ಬಿಟ್ಟು ಎದ್ದರಂತೆ. ತಾತ ಕೈ ಬಿಟ್ಟು ಬೇರೆ ಗುರುತಿಗೆ ಒತ್ತಿದವರೇ ಅಲ್ಲ. ಕೊನೆಗೆ ಅಜ್ಜಿ ಕನಕದುರ್ಗಮ್ಮನ ಹೆಸರು ತಂದು ಇಬ್ಬರ ಬಾಯಿ ಮುಚ್ಚಿಸಿದಳು.

ಅಪ್ಪ ಮಾತ್ರ ಆ ಚುನಾವಣೆಯಲ್ಲಿ ಯಾವ ಸಭೆಗೂ ಕಾಲಿಟ್ಟಿಲ್ಲ ಅಂತ ಹೇಳುತ್ತಲೇ ಬಂದಿದ್ದಾರೆ. ಕೂಸು, ಬಾಣಂತಿ, ಕಾರ್ಯದ ಕೆಲಸ, ಪುರುಸೊತ್ತೇ ಇರಲಿಲ್ಲವಂತೆ. ಹಿಂದಿನ ದಿನ ತೊಟ್ಟಿಲು ತರಲು ಕೌಲ್ ಬಜಾರಿನ ದೊಡ್ಡಮ್ಮನ ಮನೆಗೆ ಹೋದವರು ಕತ್ತಲಾದ ಮೇಲೆ ಬಂದರಂತೆ. ಸೈಕಲ್ ಪಂಕ್ಚರ್. ಆ ಪಂಕ್ಚರ್ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಮೊನ್ನೆ ಅಣ್ಣನ ಮಗಳ ತೊಟ್ಟಿಲ ಕಾರ್ಯ ಬಂತು. ಮನೆಮಂದಿ ಎಲ್ಲರ ತೊಟ್ಟಿಲ ಫೋಟೊ ಸೇರಿಸಿ ಟಿವಿಯಲ್ಲಿ ಹಾಕೋಣ ಅಂತ ಅತ್ತಿಗೆ ಐಡಿಯಾ ಕೊಟ್ಟಳು. ನನ್ನ ನಾಲ್ಕರಲ್ಲಿ ಎರಡಕ್ಕೆ ತೇವ ಹಿಡಿದಿತ್ತು. ನೆಗೆಟಿವ್ ಇರಬಹುದಾ ಅಂತ ಬ್ರೂಸ್‌ಪೇಟೆ ಕಡೆಯ ಆ ಹಳೇ ಸ್ಟುಡಿಯೊ ಹುಡುಕಿಕೊಂಡು ಹೋದೆ.

ಸ್ಟುಡಿಯೊ ಅನ್ನುವುದು ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಮುಂದಿನ ಕೋಣೆ ಪೂರ್ತಿ ಫ್ಲೆಕ್ಸ್ ಕೆಲಸ. ಫೋಟೊ ಮಾಮನ ಮಗ ಕಂಪ್ಯೂಟರ್ ಮುಂದೆ ಕೂತು ಯಾರೋ ಯುವ ನಾಯಕನ ಹುಟ್ಟುಹಬ್ಬದ ಬ್ಯಾನರ್ ಮಾಡುತ್ತಿದ್ದ. ನಾನು ಹಿಂದೆ ನಿಂತು ನೋಡಿದೆ. ಸುಮ್ನೆ ಫೋಟೊ ಅಂಟಿಸುವ ಕೆಲಸ ಅಂದುಕೊಂಡಿದ್ದೆ. ಅಲ್ಲ. ಮೇಲೆ ಗುಂಡಗೆ ಕತ್ತರಿಸಿದ ದೊಡ್ಡವರ ತಲೆಗಳು, ದಿಲ್ಲಿಯವು ಮೊದಲು, ಬೆಂಗಳೂರಿನವು ಆಮೇಲೆ. ನಡುವೆ ಹುಟ್ಟುಹಬ್ಬದವನು, ತಲೆಯಿಂದ ಕಾಲಿನವರೆಗೆ, ನಡೆದು ಬರುವ ಹಾಗೆ. ಕೆಳಗೆ ಶುಭ ಕೋರುವವರ ಸಾಲು. ಮೂಲೆಯಲ್ಲಿ ನಗುವ ಅಪ್ಪು. 2021ರ ಅಕ್ಟೋಬರ್ ಆದ ಮೇಲೆ ಪುನೀತ್ ಫೋಟೊ ಇಲ್ಲದೆ ನಮ್ಮ ಕಡೆ ಗಣೇಶನ ಫ್ಲೆಕ್ಸೂ ಏಳುವುದಿಲ್ಲ ಅನ್ನಬಹುದು. ಯಾವ ಪಕ್ಷದ ಬ್ಯಾನರಾದರೂ ಅಪ್ಪು ಇರುತ್ತಾರೆ. ಅವರೊಬ್ಬರ ಜಾಗಕ್ಕೆ ಮಾತ್ರ ಯಾರೂ ತಕರಾರು ತೆಗೆಯುವುದಿಲ್ಲ.

ನಾನು ನಿಂತಿದ್ದಷ್ಟು ಹೊತ್ತಿನಲ್ಲಿ ಮೂರು ಫೋನ್ ಬಂದವು. ಒಬ್ಬನಿಗೆ ತನ್ನ ತಲೆ ಪಕ್ಕದವನಿಗಿಂತ ಸಣ್ಣದಾಯಿತು ಅಂತ ಸಿಟ್ಟು. ಇನ್ನೊಬ್ಬನಿಗೆ "ಸ್ವಲ್ಪ ಬೆಳ್ಳಗೆ" ಬೇಕು. ಮೂರನೆಯವನದು ಒಂದೇ ಮಾತು, ಇಂಥವನ ಫೋಟೊ ತೆಗಿ. ಯಾಕೆ ಅಂತ ಹುಡುಗ ಕೇಳಲಿಲ್ಲ, ತೆಗೆದ. ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಜತೆ ಫ್ಲೆಕ್ಸನ್ನೂ ನಿಷೇಧ ಮಾಡಿತ್ತು ಅಲ್ವಾ. ಸರ್ಕಲ್‌ನಲ್ಲಿ ನಿಂತು ತಲೆ ಎತ್ತಿದರೆ ಆ ಸುದ್ದಿ ಇನ್ನೂ ಬಳ್ಳಾರಿ ಬಸ್ ಹತ್ತಿಲ್ಲ ಅನಿಸುತ್ತದೆ. ಇಷ್ಟಾದರೂ ನನಗೆ ಫ್ಲೆಕ್ಸ್ ಓದುವ ಚಟ. ಯಾರ ತಲೆ ಎಲ್ಲಿಗೆ ಸರಿದಿದೆ ನೋಡಿದರೆ ಊರಿನ ರಾಜಕೀಯ ಟಿವಿಗಿಂತ ಮೊದಲು ಗೊತ್ತಾಗುತ್ತದೆ.

ಒಳಗಿನಿಂದ ಮಾಮ ಬಂದರು. ಅಪ್ಪನ ಹೆಸರು ಹೇಳಿದೆ. "ಓ, ಎಲೆಕ್ಷನ್ ಕೂಸು! ಬಾರವ್ವ, ಕುಂದ್ರು" ಅಂದರು.

ತಗಡಿನ ಟ್ರಂಕು ತೆಗೆದರು. ವರ್ಷಕ್ಕೊಂದು ರಟ್ಟಿನ ಡಬ್ಬ. ಆರಾರು ಫ್ರೇಮಿಗೆ ಕತ್ತರಿಸಿದ ನೆಗೆಟಿವ್ ಪಟ್ಟಿಗಳು. ಒಂದು ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ "ಸುಷ್ಮಾ + ತೊಟ್ಟಿಲು" ಅಂತ ಬರೆದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಹೀಗೊಂದು ಗುರುತು ದೇಶದಲ್ಲಿ ಬೇರೆ ಯಾರಿಗಿದೆ ಹೇಳಿ.

ಆಗ ರೀಲು ಅಂದರೆ 36 ಫೋಟೊ, ಅಷ್ಟೇ. ಈಗಿನ ರೀಲ್ಸ್ ಅಲ್ಲ. ಮಾಮ ಹೊಸ ರೀಲು ಹಾಕಿಕೊಂಡು ಸಂಜೆ ಸುಷ್ಮಾ ಸಭೆಗೆ ಹೋಗಿದ್ದರು. ಹತ್ತು ತೆಗೆದು ಉಳಿದಿದ್ದನ್ನು ಮರುದಿನ ನನಗೆ ಇಡುವ ಲೆಕ್ಕ. "ಅಲ್ಲಿ ದಿಲ್ಲಿ ಫೋಟೊಗ್ರಾಫರ್‌ಗಳು ಬಂದಿದ್ರವ್ವ. ಒಬ್ಬೊಬ್ರ ಕೊಳ್ಳಾಗ ಎರಡೆರಡು ಕ್ಯಾಮೆರಾ, ಮೊಳಕೈ ಉದ್ದ ಲೆನ್ಸು. ನಾನು ಒಂದು ಹೊಡಿಯೋದ್ರಾಗ ಅವರದು ಅರ್ಧ ರೀಲು ಖಾಲಿ. ನನಗೂ ಹುಕಿ ಬಂತು." ಹುಕಿ 29ರಲ್ಲಿ ನಿಂತಿತು. ನನಗೆ ಉಳಿದದ್ದು ಏಳು. ಅದರಲ್ಲಿ ಒಂದಕ್ಕೆ ಅಜ್ಜಿಯ ಸೆರಗು ಅಡ್ಡ, ಎರಡಕ್ಕೆ ಫ್ಲ್ಯಾಶ್ ಹೊಡೆದಿಲ್ಲ. ಲೆಕ್ಕ ಸರಿಯಾಯಿತು, ನಾಲ್ಕು. ಆ 29ರಲ್ಲಿ ಒಂದನ್ನು ಪೇಪರಿಗೆ ಕಳಿಸಿದ್ದರಂತೆ. ಬರಲಿಲ್ಲ.

ಸ್ಕ್ಯಾನರ್ ಕೆಟ್ಟು ವರ್ಷಗಳಾಗಿವೆ. ಮಗ ಟ್ಯಾಬ್‌ನಲ್ಲಿ ಬಿಳಿ ಪರದೆ ಹಚ್ಚಿ, ಅದರ ಮೇಲೆ ಬೋರ್ಡ್ ಕೆಲಸದ ಬಿಳಿ ಅಕ್ರಿಲಿಕ್ ತುಂಡಿಟ್ಟು, ಮೇಲೆ ನೆಗೆಟಿವ್ ಇಟ್ಟು ಕ್ಯಾಮೆರಾದಲ್ಲಿ ಒಂದೊಂದಾಗಿ ತೆಗೆದ. ನೆಗೆಟಿವ್‌ನಲ್ಲಿ ಎಲ್ಲ ತಲೆಕೆಳಗು. ಕರೀ ಕೂದಲು ಬಿಳಿ, ಮುಖ ನೀಲಿ. ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿದಾಗ 1999 ಒಮ್ಮೆಲೇ ಎದ್ದು ಕೂತಿತು.

ಮಾಮನದು ಪೆಂಟ್ಯಾಕ್ಸ್ ಕೆ1000, ಮಾಮೂಲಿ 50 ಎಂಎಂ ಲೆನ್ಸ್. ಹಾಗಾಗಿ ಸುಷ್ಮಾ ಹೆಬ್ಬೆರಳಿನಷ್ಟೇ. ಸೀರೆ ಕಾಣುತ್ತದೆ, ಅರ್ಧ ಮುಖ ಮೈಕಿಗೆ ಹೋಗಿದೆ. ಪೇಪರಿನವರು ಯಾಕೆ ಹಾಕಲಿಲ್ಲ ಅಂತ ಗೊತ್ತಾಯಿತು. ಆದರೆ ಜನ! ಮರದ ಮೇಲೆ, ಕಾಂಪೌಂಡಿನ ಮೇಲೆ, ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಬೀಡಿ ಹಚ್ಚುತ್ತಿರುವವರು. ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಯಾರ ಕೈ ಮೇಲೂ ಫೋನಿಲ್ಲ. ದಿಲ್ಲಿಯವರ ಉದ್ದ ಲೆನ್ಸಿಗೆ ಇದ್ಯಾವುದೂ ಸಿಕ್ಕಿರಲಿಕ್ಕಿಲ್ಲ.

ಹನ್ನೊಂದನೇ ಫ್ರೇಮಿನಲ್ಲಿ, ಬಲಗಡೆ ಅಂಚಿಗೆ, ಒಂದು ಸೈಕಲ್. ಕ್ಯಾರಿಯರ್‌ಗೆ ಹಗ್ಗದಲ್ಲಿ ಕಟ್ಟಿದ ಬಣ್ಣದ ತೊಟ್ಟಿಲು. ಕೆಂಪು ಮೈ, ಹಳದಿ ಬಳ್ಳಿ. ಕಿನ್ನಾಳದವರು ಮಾಡಿದ್ದು, ನಮ್ಮ ದೊಡ್ಡಮ್ಮನ ಮನೆಯದು, ನನ್ನ ನಾಲ್ಕು ಫೋಟೊದಲ್ಲೂ ಇರುವ ಅದೇ ತೊಟ್ಟಿಲು. ಹ್ಯಾಂಡಲ್ ಹಿಡಿದು ಬಾಯಿ ತೆರೆದು ವೇದಿಕೆ ನೋಡುತ್ತಿರುವ ತೆಳ್ಳನೆ ಮನುಷ್ಯನಿಗೆ ದಪ್ಪ ಮೀಸೆ. ಮಾಮ ಕನ್ನಡಕ ಏರಿಸಿ ನೋಡಿ, ನನ್ನ ಕಡೆ ತಿರುಗಿ, ಏನೂ ಹೇಳಲಿಲ್ಲ. ದುಡ್ಡೂ ತೆಗೆದುಕೊಳ್ಳಲಿಲ್ಲ.

ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಟಿವಿಗೆ ಹಾಕಿದೆ. ಸುಷ್ಮಾ ಕಂಡ ಕೂಡಲೇ ಅಮ್ಮ ಶುರು ಮಾಡಿದಳು. ಸೋನಿಯಾ 56 ಸಾವಿರದಷ್ಟು ಓಟಿನಿಂದ ಗೆದ್ದು ಅಮೇಠಿ ಇಟ್ಟುಕೊಂಡು ನಮ್ಮನ್ನು ಬಿಟ್ಟರು, ಸೋತ ಆಯಮ್ಮ ಮಾತ್ರ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ತಪ್ಪದೆ ಬರುತ್ತಿದ್ದರು ಅಂತ. ಅಷ್ಟರಲ್ಲಿ ಹನ್ನೊಂದನೆಯದು ಬಂತು. ಅಮ್ಮ ಮಾತು ನಿಲ್ಲಿಸಿ ಟಿವಿ ಹತ್ತಿರ ಹೋದಳು.

"ರೀ, ಇದು ನಮ್ಮ ತೊಟ್ಟಿಲಲ್ಲೇನ್ರಿ?"

"ಅಂಥವು ಊರಾಗ ಬೇಕಾದಷ್ಟು ಇದ್ದವು" ಅಂದರು ಅಪ್ಪ.

"ಮೀಸೆನೂ ಬೇಕಾದಷ್ಟು ಇದ್ದವೇನು?"

ಅಪ್ಪ ಗೋಡೆಯ ಮೇಲಿನ ತಾತನ ಫೋಟೊ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ಇಳಿಸಿ, "ದಾರಿಯಾಗ ಕನ್ನಡ ಕೇಳಿಸ್ತು. ಯಾರಿದು ಅಂತ ಹತ್ತೇ ನಿಮಿಷ ನಿಂತಿದ್ದೆ" ಅಂದರು.

ನಾನು ರಿಮೋಟ್ ಒತ್ತುತ್ತಾ ಹೋದೆ. ಇಪ್ಪತ್ತೇಳನೇ ಫ್ರೇಮಿನಲ್ಲಿ ಕತ್ತಲಾಗಿದೆ, ಟ್ಯೂಬ್‌ಲೈಟ್ ಹತ್ತಿದೆ. ತೊಟ್ಟಿಲು ವೇದಿಕೆಯ ಮುಂದಿನ ಸಾಲಿಗೆ ಬಂದಿದೆ.