ಮಳೆಗೆ ಎದೆ ಹೊಡ್ಕೊಳ್ಳೋದು ಸುಮ್ನೆ ಅಲ್ಲ

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿತ್ತಲ್ವಾ, ಆಗ ಮನೆ ಬಿಟ್ಟು ಬಂದವರಲ್ಲಿ ನಮ್ಮ ಕಾಕಿಯೂ ಒಬ್ಬರು. ಈಗಲೂ ರಾತ್ರಿ ತಗಡಿನ ಮೇಲೆ ಮಳೆ ಬಿದ್ದರೆ ಎದ್ದು ಕೂರುತ್ತಾರೆ. ಕಾಲು ಕೆಳಗಿಟ್ಟು, ನೆಲ ಒಣಗಿದೆಯಾ ಅಂತ ಮುಟ್ಟಿ ನೋಡುತ್ತಾರೆ. "ಅಂಜಬ್ಯಾಡ ಅಂದ್ರ ಅಂಜಿಕಿ ಹೋಗ್ತದೇನು?" ಅಂತ ಕೇಳುತ್ತಾರೆ.

ಹೋಗಲ್ಲ. ಅಪಾಯ ಕಂಡ ಕೂಡಲೇ ಮೈಯನ್ನು ಎಚ್ಚರಿಸೋದು ಮೆದುಳಿನ ಅಮಿಗ್ಡಾಲದ ಕೆಲಸ. ದೊಡ್ಡ ಆಘಾತ ಕಂಡ ಕೆಲವರಲ್ಲಿ ಅದು ಅತಿಯಾಗಿ ಚುರುಕಾಗುತ್ತದೆ. ಅದನ್ನು ಸುಮ್ಮನಾಗಿಸಬೇಕಾದ ಹಣೆಯ ಹಿಂದಿನ ಭಾಗದ ಹಿಡಿತ ಸಡಿಲವಾಗುತ್ತದೆ. ಮೈಯನ್ನು ಎಚ್ಚರದಲ್ಲಿಡೋ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಏರಿ ಎದೆ ಬಡಿತ, ಬೆವರು, ನಿದ್ದೆ ಇಲ್ಲ. ಇದೇ ಪಿಟಿಎಸ್‌ಡಿ, ಅಂದರೆ ಆಘಾತದ ನಂತರವೂ ಉಳಿದುಬಿಡೋ ಒತ್ತಡದ ತೊಂದರೆ. 1980ರಲ್ಲೇ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ ಕಾಯಿಲೆ. ನಮ್ಮಲ್ಲಿ ಇನ್ನೂ ಪುಕ್ಕಲುತನ ಅಂತಾರೆ, ಬೇಜಾರಾಗುತ್ತದೆ.

"ಮರೆತುಬಿಡು" ಅನ್ನೋದು ಚಿಕಿತ್ಸೆ ಅಲ್ಲ. ತಜ್ಞರ ಜೊತೆ ಕೂತು ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿದರೆ, ಈಗ ಅಪಾಯ ಇಲ್ಲ ಅಂತ ಮೆದುಳು ಹೊಸದಾಗಿ ಕಲಿಯುತ್ತದೆ. ಹಳೆ ನೆನಪು ಅಳಿಸಲ್ಲ, ಅದರ ಹಿಡಿತ ಕಡಿಮೆಯಾಗುತ್ತದೆ. ಬೇಕಾದರೆ ವೈದ್ಯರು ಸರ್ಟ್ರಲಿನ್‌ನಂಥ ಮಾತ್ರೆ ಕೊಡುತ್ತಾರೆ. ಮನೆಯಲ್ಲಿ ಇಂಥವರು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.