ನನ್ನ ಇಷ್ಟದ ಏರ್‌ಪೋರ್ಟ್ ಭಯ ಹುಟ್ಟಿಸುವುದಿಲ್ಲ

ಪೈಲಟ್ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. "ಚಿಕ್ಕ ಏರ್‌ಪೋರ್ಟ್‌ಗಳಲ್ಲಿ ನಿಮಗೆ ಯಾವುದು ಇಷ್ಟ?" ಒಳ್ಳೆಯ ಪ್ರಶ್ನೆಯೇ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಕೇಳಿದವರೇ ಮುಂದುವರಿಸುತ್ತಾರೆ. "ಲುಕ್ಲಾ ಅಲ್ವಾ? ವಿಡಿಯೋ ನೋಡಿದ್ದೀನಿ, ಎದೆ ಝಲ್ ಅನ್ನುತ್ತೆ!" ಇನ್ನೊಬ್ಬರು ಇನ್ನೂ ನೇರ. "ಅತಿ ಡೇಂಜರ್ ಯಾವುದು, ಅದೊಂದು ಹೇಳಿ ಸಾಕು." ಇಷ್ಟದ ಬಗ್ಗೆ ಶುರುವಾದ ಮಾತು ಎರಡನೇ ವಾಕ್ಯಕ್ಕೇ ಭಯದ ಕಡೆ ಹೊರಳಿಬಿಡುತ್ತದೆ.

ಇಷ್ಟು ದಿನ ನಕ್ಕು ಏನೋ ಒಂದು ಹೇಳುತ್ತಿದ್ದೆ. ಇನ್ನು ಆಗುವುದಿಲ್ಲ. ಭಯ ಹುಟ್ಟಿಸುತ್ತದೆ ಅನ್ನುವ ಕಾರಣಕ್ಕೇ ಒಂದು ಏರ್‌ಪೋರ್ಟ್ ನನಗೆ ಇಷ್ಟ ಅಂತ ಯಾವ ಪೈಲಟ್ ಆದರೂ ಹೇಳಿದರೆ, ಅವರ ವಿಮಾನ ಹತ್ತಬೇಡಿ.

ಲುಕ್ಲಾ ಬಗ್ಗೆ ನನಗೆ ಗೌರವ ಇದೆ. ತುಂಬಾ ಇದೆ. ನೇಪಾಳದ ಬೆಟ್ಟಗಳ ನಡುವೆ, ಸುಮಾರು 2,845 ಮೀಟರ್ ಎತ್ತರದಲ್ಲಿ, ಬರೀ 527 ಮೀಟರ್ ಉದ್ದದ ರನ್‌ವೇ. 1964ರಲ್ಲಿ ಎಡ್ಮಂಡ್ ಹಿಲರಿ ಮುಂದೆ ನಿಂತು ಮಾಡಿಸಿದ್ದು. 2001ರ ತನಕ ಅದಕ್ಕೆ ಡಾಂಬರು ಕೂಡ ಇರಲಿಲ್ಲ. ಸುಮಾರು 12 ಶೇಕಡಾ ಏರು ಇದೆ. ಬರುವ ವಿಮಾನ ಬೆಟ್ಟಕ್ಕೆ ಮುಖ ಮಾಡಿ, ಏರು ಹತ್ತುತ್ತಾ ಇಳಿಯುತ್ತದೆ. ಹೋಗುವ ವಿಮಾನ ಕಣಿವೆ ಕಡೆಗೆ ಇಳಿಜಾರಿನಲ್ಲಿ ಓಡಿ ಮೇಲೇಳುತ್ತದೆ. ವಿಡಿಯೋ ನೋಡುವವರು ಆ ಇಳಿಜಾರನ್ನೇ ತೋರಿಸಿ "ಅಬ್ಬಾ" ಅನ್ನುತ್ತಾರೆ. ಆದರೆ ಅಷ್ಟು ಚಿಕ್ಕ ರನ್‌ವೇ ಕೆಲಸ ಮಾಡುವುದೇ ಆ ಇಳಿಜಾರಿನಿಂದ. ಇಳಿದ ವಿಮಾನವನ್ನು ಏರು ತಡೆದು ನಿಲ್ಲಿಸುತ್ತದೆ. ಹೊರಟ ವಿಮಾನಕ್ಕೆ ಇಳಿಜಾರು ವೇಗ ಕೊಡುತ್ತದೆ. ಆ ಎತ್ತರದಲ್ಲಿ ಗಾಳಿ ತೆಳು. ವೇಗದ ಮೀಟರಿನ ಮುಳ್ಳು ಅದೇ ಅಂಕಿ ತೋರಿಸಿದರೂ ನೆಲದ ಮೇಲೆ ವಿಮಾನ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಸಮತಟ್ಟಾದ ನೆಲವಾಗಿದ್ದರೆ 527 ಮೀಟರ್ ಎಲ್ಲಿ ಸಾಲುತ್ತಿತ್ತು?

ಹಾಗಾದರೆ ಲುಕ್ಲಾ ನನ್ನ ಉತ್ತರ ಯಾಕಲ್ಲ? ಅಲ್ಲಿ ಒಂದು ಹಂತ ದಾಟಿದ ಮೇಲೆ ಮನಸ್ಸು ಬದಲಿಸಲು ಜಾಗ ಇಲ್ಲ. ಎದುರಿಗೆ ಬೆಟ್ಟ ನಿಂತಿದೆ. ಇಳಿಯಲೇಬೇಕು. ಅಲ್ಲಿ ದಿನವೂ ಇಳಿಸುವ ಪೈಲಟ್‌ಗಳು ಆ ಹಂತ ಬರುವ ಮೊದಲೇ ಎಲ್ಲ ತೀರ್ಮಾನ ಮುಗಿಸಿರುತ್ತಾರೆ. ಅವರ ಶಿಸ್ತಿಗೆ ಕೈ ಮುಗಿಯುತ್ತೇನೆ. ಆದರೆ ನನಗೆ ಇಷ್ಟವಾಗುವ ಜಾಗ ಬೇರೆ ತರಹದ್ದು.

"ಡೇಂಜರ್ ಏರ್‌ಪೋರ್ಟ್" ಅನ್ನುವ ಮಾತೇ ನನಗೆ ಸರಿ ಕಾಣುವುದಿಲ್ಲ. ಕೆರಿಬಿಯನ್ ಸಮುದ್ರದ ಸಾಬಾ ದ್ವೀಪದ ರನ್‌ವೇ ಸುಮಾರು 400 ಮೀಟರ್. ಎರಡೂ ತುದಿಯಲ್ಲಿ ಕಡಿದಾದ ಬಂಡೆ, ಕೆಳಗೆ ಸಮುದ್ರ. ಜೆಟ್ ವಿಮಾನಕ್ಕೆ ಅದು ಅಸಾಧ್ಯ. ಆದರೆ 1965ರಲ್ಲಿ ಮೊದಲು ಹಾರಿದ ಟ್ವಿನ್ ಆಟರ್ ಅನ್ನುವ ಪುಟ್ಟ ವಿಮಾನ ಹುಟ್ಟಿದ್ದೇ ಇಂಥ ಚಿಕ್ಕ ಜಾಗಗಳಿಗಾಗಿ. ಅದು ನಿಧಾನಕ್ಕೆ ಬಂದು, ಸ್ವಲ್ಪದರಲ್ಲೇ ನಿಲ್ಲುತ್ತದೆ. ಫ್ರಾನ್ಸಿನ ಕೂರ್ಶವೆಲ್‌ನಲ್ಲಿ 537 ಮೀಟರ್ ರನ್‌ವೇಗೆ 18 ಶೇಕಡಾಕ್ಕಿಂತ ಜಾಸ್ತಿ ಏರು. ಅಲ್ಲಿ ಇಳಿಯಲು ಪೈಲಟ್ ಬೇರೆ ತರಬೇತಿ ಪಡೆದಿರಬೇಕು. ಜಾಗ ಕಷ್ಟ ಅಂತ ಗೊತ್ತಿದ್ದರೆ ಅದಕ್ಕೆ ತಕ್ಕ ವಿಮಾನ, ತಕ್ಕ ತರಬೇತಿ, ತಕ್ಕ ನಿಯಮ ಎಲ್ಲ ಬರುತ್ತವೆ. ನನಗೆ ಚಿಂತೆ ಹತ್ತುವುದು ಉದ್ದವಾದ, ಸುಲಭವಾದ ರನ್‌ವೇಗಳಲ್ಲಿ. ಅಲ್ಲಿ ಯಾರೂ ಲೆಕ್ಕ ಹಾಕುವ ಗೋಜಿಗೆ ಹೋಗುವುದಿಲ್ಲ. ಬರುವ ವೇಗ 10 ಶೇಕಡಾ ಜಾಸ್ತಿಯಾದರೆ ನಿಲ್ಲಲು ಬೇಕಾದ ದೂರ ಸುಮಾರು 20 ಶೇಕಡಾ ಜಾಸ್ತಿಯಾಗುತ್ತದೆ. ಈ ಲೆಕ್ಕ ಎಲ್ಲ ರನ್‌ವೇಗೂ ಒಂದೇ.

ಚಿಕ್ಕ ಜಾಗಗಳು ನನಗೆ ಯಾಕೆ ಇಷ್ಟ ಅಂತ ಹೇಳಿಬಿಡುತ್ತೇನೆ. ದೊಡ್ಡ ಏರ್‌ಪೋರ್ಟ್‌ನಲ್ಲಿ ಟವರ್‌ನಿಂದ ಒಬ್ಬರು ದಾರಿ ಹೇಳುತ್ತಾರೆ. ಉಪಕರಣಗಳು 3 ಡಿಗ್ರಿ ಇಳಿಜಾರಿನ ದಾರಿ ತೋರಿಸುತ್ತವೆ. ಟವರ್ ಇಲ್ಲದ ಚಿಕ್ಕ ಜಾಗದಲ್ಲಿ ಎಲ್ಲ ನಾವೇ ನೋಡಬೇಕು. ಮೊದಲು ಮೇಲಿನಿಂದ ಒಂದು ಸುತ್ತು. ವಿಂಡ್‌ಸಾಕ್, ಅಂದರೆ ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ, ಯಾವ ಕಡೆ ತಿರುಗಿದೆ, ಜೋತು ಬಿದ್ದಿದೆಯಾ, ಪೂರ್ತಿ ಚಾಚಿದೆಯಾ? ಪೂರ್ತಿ ಚಾಚಿದ್ದರೆ ಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ಅಥವಾ ಅದಕ್ಕಿಂತ ಜಾಸ್ತಿ. ರನ್‌ವೇ ಮೇಲೆ ಪ್ರಾಣಿ ಇದೆಯಾ, ಜನ ಇದ್ದಾರಾ? ಆಮೇಲೆ ನೆಲದಿಂದ ಸುಮಾರು 1,000 ಅಡಿ ಎತ್ತರದಲ್ಲಿ ಸರ್ಕ್ಯೂಟ್, ಅಂದರೆ ರನ್‌ವೇ ಪಕ್ಕ ಆಯತದ ಹಾಗೆ ಸುತ್ತಿ ಬರುವ ದಾರಿ, ಹಿಡಿದು, ಒಂದೊಂದು ತಿರುವಿನಲ್ಲೂ ನಾನೆಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಹೇಳಬೇಕು. ಕೇಳುವವರು ಯಾರೂ ಇಲ್ಲದಿರಬಹುದು. ಆದರೂ ಹೇಳಬೇಕು. ಅಮೆರಿಕದ ಎಷ್ಟೋ ಚಿಕ್ಕ ಏರ್‌ಪೋರ್ಟ್‌ಗಳಲ್ಲಿ ರಾತ್ರಿ ರನ್‌ವೇ ದೀಪ ಹಚ್ಚುವುದೂ ಪೈಲಟ್ ಕೆಲಸವೇ. 5 ಸೆಕೆಂಡಿನೊಳಗೆ ರೇಡಿಯೋ ಮೈಕಿನ ಗುಂಡಿ 7 ಸಲ ಒತ್ತಿದರೆ ಕತ್ತಲಲ್ಲಿ ಇಡೀ ರನ್‌ವೇ ಝಗ್ ಅಂತ ಬೆಳಗುತ್ತದೆ. ನನ್ನ ಕೆಲಸದಲ್ಲಿ ಇದಕ್ಕಿಂತ ಖುಷಿ ಕೊಡುವ ಗುಂಡಿ ಇನ್ನೊಂದಿಲ್ಲ.

ಕಣ್ಣು ಮೋಸ ಮಾಡುವುದೂ ಇಂಥ ಕಡೆಯೇ. ರನ್‌ವೇ ಏರುಮುಖವಾಗಿದ್ದರೆ ನಾವು ಬೇಕಾದ್ದಕ್ಕಿಂತ ಮೇಲಿದ್ದೇವೆ ಅನ್ನಿಸುತ್ತದೆ. ಅಗಲ ಕಡಿಮೆ ಇದ್ದರೂ ಹಾಗೇ. ಆ ಅನ್ನಿಸಿಕೆಯನ್ನು ನಂಬಿ ಕೆಳಗಿಳಿಸಿದರೆ ರನ್‌ವೇ ಸಿಗುವ ಮೊದಲೇ ನೆಲ ಸಿಗುತ್ತದೆ. ಬಿಸಿಲು ಕೂಡ ಸುಮ್ನೆ ಇರುವುದಿಲ್ಲ. ಬಿಸಿಯಾದಷ್ಟೂ ಗಾಳಿ ತೆಳುವಾಗುತ್ತದೆ. 5,000 ಅಡಿ ಎತ್ತರದ ಜಾಗದಲ್ಲಿ ಇರಬೇಕಾದ ಉಷ್ಣತೆ 5 ಡಿಗ್ರಿ ಅಂತ ಲೆಕ್ಕ. ಅಲ್ಲಿ 25 ಡಿಗ್ರಿ ಇದ್ದರೆ ಎಂಜಿನ್ನಿಗೂ ರೆಕ್ಕೆಗೂ ಅದು ಸುಮಾರು 7,400 ಅಡಿ ಎತ್ತರದ ಹಾಗೆ. ಬೆಳಗ್ಗೆ ಸಲೀಸಾಗಿ ಹಾರಿದ ಜಾಗದಿಂದ ಮಧ್ಯಾಹ್ನ ಅದೇ ಭಾರ ಹೊತ್ತು ಹಾರಲು ಆಗದಿರಬಹುದು. ಇದನ್ನೆಲ್ಲ ಗಮನಿಸಿ, ತೂಗಿ, ಚಕ್ರ ನೆಲಕ್ಕೆ ತಾಗಿಸುವುದಿದೆಯಲ್ಲ, ಅದಕ್ಕಾಗಿಯೇ ನಾನು ಈ ಕೆಲಸಕ್ಕೆ ಬಂದದ್ದು.

ಸರಿ, ಉತ್ತರ. ನನಗೆ ಇಷ್ಟವಾದದ್ದು ಬಾರ್ರಾ. ಸ್ಕಾಟ್‌ಲೆಂಡಿನ ಪಶ್ಚಿಮಕ್ಕಿರುವ ದ್ವೀಪ. 1936ರಿಂದ ಅಲ್ಲಿ ವಿಮಾನ ಇಳಿಯುವುದು ಸಮುದ್ರ ದಂಡೆಯ ಮರಳಿನ ಮೇಲೆ. ಅಗಲವಾದ ಕೊಲ್ಲಿಯಲ್ಲಿ ತ್ರಿಕೋನದ ಹಾಗೆ ಮೂರು ರನ್‌ವೇ. ತುದಿಗಳಲ್ಲಿ ಮರದ ಕಂಬ ನೆಟ್ಟು ಗುರುತು ಮಾಡಿದ್ದಾರೆ. ಗಾಳಿ ಯಾವ ಕಡೆಯಿಂದ ಬಂದರೂ ಮೂರರಲ್ಲಿ ಒಂದು ಹೊಂದುತ್ತದೆ. ಉಬ್ಬರದಲ್ಲಿ ಮೂರೂ ನೀರಿನಡಿ ಹೋಗುತ್ತವೆ. ಅದಕ್ಕೇ ವಿಮಾನದ ವೇಳಾಪಟ್ಟಿ ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಚಕ್ರ ತಾಗಿದಾಗ ನೀರು ಚಿಮ್ಮುತ್ತದೆ. ನೋಡಲು ಚೆಂದ, ನಿಜ. ಆದರೆ ನನಗೆ ಅದು ಇಷ್ಟವಾದ ಕಾರಣ ಬೇರೆ. ಅಲ್ಲಿ "ಇವತ್ತು ಬೇಡ" ಅನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. ರನ್‌ವೇ ಮೇಲೆ ನೀರಿದ್ದರೆ ಯಾವ ಪ್ರಯಾಣಿಕರೂ ಪೈಲಟ್ ಜೊತೆ ವಾದಕ್ಕೆ ನಿಲ್ಲುವುದಿಲ್ಲ.

ನಾರ್ವೆಯ ಚಿಕ್ಕ ಏರ್‌ಪೋರ್ಟ್‌ಗಳೂ ನನಗೆ ಇಷ್ಟ. 1968ರಿಂದ ಅವರು ದೂರದ ಕರಾವಳಿ ಊರುಗಳಿಗೆ 800 ಮೀಟರ್ ರನ್‌ವೇ ಕಟ್ಟುತ್ತಾ ಬಂದರು. ಅಲ್ಲಿನ ಜನ ವಿಮಾನಕ್ಕೆ ಬಸ್ಸಿನ ಹಾಗೆ ಹತ್ತಿ ಇಳಿಯುತ್ತಾರೆ. ಸ್ಕಾಟ್‌ಲೆಂಡಿನಲ್ಲೇ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ನಡುವೆ ಬರೀ 2.7 ಕಿಲೋಮೀಟರ್ ದೂರದ ಹಾರಾಟ ಇದೆ. ಗಾಳಿ ಅನುಕೂಲವಾಗಿದ್ದರೆ ಎರಡು ನಿಮಿಷ ಕೂಡ ಬೇಡ. ಇವು ಯಾವುವೂ ಭಯದ ಪಟ್ಟಿಯಲ್ಲಿ ಬರುವುದಿಲ್ಲ. ಊರಿನ ಜನರಿಗೆ ದಿನಾ ಬೇಕಾಗುವ ಜಾಗಗಳು.

"ಇವತ್ತು ಬೇಡ" ಅಂದೆನಲ್ಲ, ಅದರ ಬಗ್ಗೆ ಇನ್ನೂ ಹೇಳುವುದಿದೆ.

ಒಮ್ಮೆ ಕಣಿವೆಯೊಳಗಿನ ಒಂದು ರನ್‌ವೇಗೆ ಪ್ರಯಾಣಿಕರನ್ನು ಕರೆದುಕೊಂಡು ಹೋಗುತ್ತಿದ್ದೆ. ಹಿಂದೆ ಬೆಟ್ಟ, ಬರುವುದಕ್ಕೂ ಹೋಗುವುದಕ್ಕೂ ಒಂದೇ ಬಾಗಿಲು. ಎಂಜಿನ್ ಶುರು ಮಾಡುವ ಮೊದಲೇ ಕೋಪೈಲಟ್ ಜೊತೆ ಕೂತು ನಕ್ಷೆ ಮೇಲೆ ಒಂದು ಜಾಗ ಗುರುತಿಸಿದ್ದೆ. ನದಿ ತಿರುಗುವ ಜಾಗ. ಅದನ್ನು ದಾಟುವ ಮೊದಲು ವೇಗ, ಎತ್ತರ, ಗಾಳಿ ಮೂರೂ ಸರಿ ಇರಬೇಕು. ಒಂದು ಸರಿ ಇಲ್ಲದಿದ್ದರೂ ಎಡಕ್ಕೆ ತಿರುಗಿ ಕಣಿವೆಯಿಂದ ಹೊರಗೆ. ಅಲ್ಲಿ ತಿರುಗಲು ಜಾಗ ಇದೆ, ಅದರಾಚೆ ಇಲ್ಲ.

ಆಕಾಶ ತಿಳಿಯಾಗಿತ್ತು. ರನ್‌ವೇ ಅಂಗೈಯಷ್ಟು ಸ್ಪಷ್ಟ. ವೇಗ ಸರಿ, ಎತ್ತರ ಸರಿ. ಹತ್ತಿರದ ತುದಿಯ ವಿಂಡ್‌ಸಾಕ್ ಎದುರು ಗಾಳಿ ತೋರಿಸುತ್ತಿತ್ತು, ಅದೂ ಸರಿ. ದೂರದ ತುದಿಯದು ಪೂರ್ತಿ ಚಾಚಿ, ಉಲ್ಟಾ ದಿಕ್ಕು ತೋರಿಸುತ್ತಿತ್ತು. ಅಂದರೆ ಎದುರಿನಿಂದ ಬರುವ ಗಾಳಿ ರನ್‌ವೇ ನಡುವೆ ಎಲ್ಲೋ ಹಿಂದಿನಿಂದ ತಳ್ಳುವ ಗಾಳಿಯಾಗುತ್ತಿದೆ. ನದಿ ತಿರುವು ಬಂತು. ಪವರ್ ಕೊಟ್ಟು ಎಡಕ್ಕೆ ತಿರುಗಿಸಿದೆ.

ಹಿಂದಿನ ಸೀಟುಗಳಲ್ಲಿ ಗೊಣಗಾಟ ಶುರುವಾಯಿತು. ವಾಪಸ್ ಬಂದು ಇಳಿದ ಮೇಲೆ ಒಬ್ಬರು ಮುಖಕ್ಕೆ ಹೇಳಿದರು. "ರನ್‌ವೇ ಎದುರಿಗೇ ಕಾಣ್ತಿತ್ತಲ್ರೀ. ಬೇರೆ ಪೈಲಟ್ ಆಗಿದ್ರೆ ಇಳಿಸ್ತಿದ್ರು." ಇಳಿಸುತ್ತಿದ್ದರೇನೋ. ನಾನು ಇಳಿಸಲಿಲ್ಲ, ಅದೇ ಗಾಳಿ ಇದ್ದರೆ ನಾಳೆಯೂ ಇಳಿಸುವುದಿಲ್ಲ. ವಿಮಾನ ರನ್‌ವೇ ಮುಟ್ಟಿದ್ದನ್ನು ಮಾತ್ರ ಜನ ಲೆಕ್ಕಕ್ಕೆ ಹಿಡಿಯುತ್ತಾರೆ, ಮುಟ್ಟದೆ ತಿರುಗಿದ್ದು ಕೆಲಸವೇ ಅಲ್ಲ ಅನ್ನುವ ಹಾಗೆ. ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಆ ಗುಂಪಿನಲ್ಲಿ ಒಬ್ಬರು ವಯಸ್ಸಾದ ಹೆಂಗಸು ಇದ್ದರು. ಎಲ್ಲರೂ ಆಚೆ ಹೋದ ಮೇಲೆ ಹತ್ತಿರ ಬಂದು ಕೇಳಿದರು. "ಅಲ್ಲಪ್ಪಾ, ಏನು ನೋಡಿ ತಿರುಗಿಸಿದೆ?"

ಅವರ ಮಾತಿನಲ್ಲಿ ದೂರು ಇರಲಿಲ್ಲ, ತಿಳಿಯುವ ಆಸೆ ಇತ್ತು. ನಕ್ಷೆ ಬಿಡಿಸಿ ನದಿ ತಿರುವು ತೋರಿಸಿದೆ. ಎರಡು ವಿಂಡ್‌ಸಾಕ್‌ಗಳ ಕಥೆ ಹೇಳಿದೆ. ಬಿಸಿಲೇರಿದಂತೆ ಬೆಟ್ಟದ ಮೈ ಕಾದು ಗಾಳಿ ಮೇಲಕ್ಕೆ ಏರುತ್ತದೆ, ಅದರ ಜಾಗ ತುಂಬಲು ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ, ಅದಕ್ಕೇ ಲುಕ್ಲಾದಂಥ ಬೆಟ್ಟದ ಏರ್‌ಪೋರ್ಟ್‌ಗಳಲ್ಲಿ ಹೆಚ್ಚಿನ ಹಾರಾಟ ಬೆಳಗಿನ ಹೊತ್ತೇ ಮುಗಿಯುತ್ತದೆ ಅಂದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ನಾಳೆ ಎಷ್ಟು ಬೇಗ ಹೊರಡಬಹುದು?" ಅಂದರು. ಉಳಿದವರೆಲ್ಲ ಯಾವಾಗ ತಲುಪುತ್ತೇವೆ ಅಂತ ಕೇಳಿದ್ದರು. ಬೆಳಕು ಹರಿದ ಕೂಡಲೇ ಹೊರಡೋಣ ಅಂದೆ. ಮರುದಿನ ಅದೇ ತಿರುವಿನಲ್ಲಿ ಮೂರೂ ಸರಿ ಇದ್ದವು, ಇಳಿದೆವು.

ಏನು ನೋಡಿ ತಿರುಗಿಸಿದೆ ಅಂತ ಆ ಹೆಂಗಸು ಕೇಳಿದರಲ್ಲ, ನನ್ನನ್ನು ಕೇಳಬೇಕಾದ ಪ್ರಶ್ನೆ ಅದು. ಎಲ್ಲಿ ಇಳಿಯದೆ ವಾಪಸ್ ಬಂದಿರಿ, ಏನು ನೋಡಿ? ಯಾವುದು ಸರಿ ಇರಲಿಲ್ಲ? ಮನಸ್ಸು ಬದಲಿಸಲು ಕೊನೆಯ ಜಾಗ ಯಾವುದಾಗಿತ್ತು, ಅದನ್ನು ಯಾವಾಗ ಗುರುತಿಸಿಕೊಂಡಿರಿ? ಸಾಬಾದಲ್ಲಿ ಅಡ್ಡಗಾಳಿ ಎದ್ದರೆ ಏನು ಮಾಡುತ್ತಾರೆ ಅಂತ ಕೇಳಿ. ಬಾರ್ರಾದಲ್ಲಿ ವಿಮಾನ ತಡವಾಗಿ, ಅಷ್ಟರಲ್ಲಿ ನೀರು ಏರಿದರೆ ಏನಾಗುತ್ತದೆ ಅಂತ ಕೇಳಿ. ಇವಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ.