ಬಗ್ ಸರಿಪಡಿಸಲು ಹೋದಾಗ ಎಷ್ಟು ಕೋಡ್ ಮುಟ್ಟಬೇಕು?

ಓಪನ್ ಸೋರ್ಸ್ ಪ್ರಾಜೆಕ್ಟ್‌ನಲ್ಲಿ ಒಂದು ಬಗ್‌ನ ಜಾಡು ಹಿಡಿದು ಹಳೆಯ ಫೈಲ್ ತೆರೆದರೆ ಸುತ್ತಲಿನ ಕೋಡ್ ನೋಡಿಯೇ ಕೈ ತುರಿಸತೊಡಗುತ್ತದೆ. ಒಂದೇ ಕೆಲಸಕ್ಕೆ ಮೂರು ಫಂಕ್ಷನ್, ಏನೂ ಹೇಳದ ಹೆಸರುಗಳು, ಯಾರೂ ಕರೆಯದ ಕೋಡ್. ಹೇಗೂ ಇಲ್ಲಿಗೆ ಬಂದಾಯಿತು, ಇದನ್ನೂ ಸರಿಮಾಡಿಬಿಡೋಣ ಅನ್ನಿಸುವುದು ಸಹಜ. ಆದರೆ ಹಾಗೆ ಎಲ್ಲವನ್ನೂ ಸೇರಿಸಿ ಕಳಿಸಿದ ಪುಲ್ ರಿಕ್ವೆಸ್ಟ್‌ಗಳೇ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ತಿಂಗಳುಗಟ್ಟಲೆ ಹಾಗೇ ಬಿದ್ದಿರುವುದು. ರಿವ್ಯೂ ಮಾಡುವವರಲ್ಲಿ ಬಹಳಷ್ಟು ಮಂದಿ ತಮ್ಮ ಬಿಡುವಿನ ಹೊತ್ತನ್ನು ಕೊಡುತ್ತಿರುತ್ತಾರೆ. ಹತ್ತು ಸಾಲಿನ ಬದಲಾವಣೆಯನ್ನು ಕೂತ ಜಾಗದಲ್ಲೇ ಓದಿ ಮುಗಿಸುತ್ತಾರೆ. ಸಾವಿರ ಸಾಲಿನದನ್ನು ಪುರುಸೊತ್ತಾದಾಗ ನೋಡೋಣ ಎಂದು ಬದಿಗಿಡುತ್ತಾರೆ. ಅಷ್ಟರಲ್ಲಿ ಮುಖ್ಯ ಬ್ರಾಂಚ್ (ಎಲ್ಲರ ಕೆಲಸ ಸೇರುವ ಕೋಡ್‌ನ ಕವಲು) ಮುಂದೆ ಹೋಗಿ ಮರ್ಜ್ ಕಾನ್‌ಫ್ಲಿಕ್ಟ್, ಅಂದರೆ ಎರಡು ಬದಲಾವಣೆಗಳ ಘರ್ಷಣೆ, ಶುರುವಾಗುತ್ತದೆ, ಬಳಕೆದಾರರಿಗೆ ಕಾಡುತ್ತಿದ್ದ ಬಗ್ ಮಾತ್ರ ಇದ್ದಲ್ಲೇ ಇರುತ್ತದೆ.

ಆದ್ದರಿಂದ ತಿದ್ದುಪಡಿ ಮೊದಲು, ರಿಫ್ಯಾಕ್ಟರಿಂಗ್ (ವರ್ತನೆ ಬದಲಿಸದೆ ಕೋಡ್ ಅನ್ನು ಓರಣ ಮಾಡುವುದು) ಆಮೇಲೆ, ಎರಡೂ ಬೇರೆ ಬೇರೆ ಕಮಿಟ್ (ಒಟ್ಟಿಗೆ ದಾಖಲಿಸಿದ ಬದಲಾವಣೆ). ಕೋಡ್ ಅನ್ನು ಸ್ವಲ್ಪ ಬಿಡಿಸಿಕೊಳ್ಳದೆ ತಿದ್ದಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಕ್ರಮ ತಿರುಗಿಸಬಹುದು. ಆಗ ಮೊದಲ ಕಮಿಟ್‌ನಲ್ಲಿ ವರ್ತನೆ ಒಂದಿಷ್ಟೂ ಬದಲಾಗಬಾರದು, ಎರಡನೆಯದರಲ್ಲಿ ತಿದ್ದುಪಡಿ ಮತ್ತು ಅದರ ಟೆಸ್ಟ್ ಬಿಟ್ಟು ಬೇರೇನೂ ಇರಬಾರದು.

ಹೀಗೆ ಬೇರ್ಪಡಿಸುವುದಕ್ಕೆ ದೊಡ್ಡ ಕಾರಣ ಹಳೆಯ ಬ್ರಾಂಚ್‌ಗಳು, ಅಂದರೆ ಈಗಲೂ ತಿದ್ದುಪಡಿ ಪಡೆಯುವ ಹಿಂದಿನ ಆವೃತ್ತಿಗಳು. ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಇಂಥ ಸ್ಟೇಬಲ್ ಬ್ರಾಂಚ್‌ಗೆ ಹೋಗುವ ಪ್ಯಾಚ್ (ತಿದ್ದುಪಡಿಯ ತುಣುಕು), ಸುತ್ತಲಿನ ಸಂದರ್ಭದ ಸಾಲುಗಳನ್ನೂ ಸೇರಿಸಿ 100 ಸಾಲು ದಾಟಬಾರದು ಎಂಬ ನಿಯಮವಿದೆ. ಕಾಗುಣಿತ ತಿದ್ದಿದ್ದು, ಖಾಲಿ ಜಾಗ ಸರಿಮಾಡಿದ್ದು ಅದರಲ್ಲಿ ಇರುವಂತಿಲ್ಲ. ಆ ತಿದ್ದುಪಡಿ ಮುಖ್ಯ ಕರ್ನಲ್‌ನಲ್ಲಿ ಮೊದಲೇ ಸೇರಿರಬೇಕು. ಯಾವ ಕಮಿಟ್‌ನಿಂದ ಬಗ್ ಬಂತೋ ಅದರ ಹ್ಯಾಶ್‌ನ (ಕಮಿಟ್‌ನ ಗುರುತಿನ ಸಂಖ್ಯೆ) ಕನಿಷ್ಠ ಮೊದಲ 12 ಅಕ್ಷರ ಮತ್ತು ಶೀರ್ಷಿಕೆಯನ್ನು 'ಫಿಕ್ಸಸ್' ಎಂಬ ಸಾಲಿನಲ್ಲಿ ಬರೆಯುವುದು ಅಲ್ಲಿನ ರೂಢಿ. ಯಾವ ಯಾವ ಹಳೆಯ ಆವೃತ್ತಿಗೆ ಇದು ಬೇಕು ಎಂದು ಆ ಒಂದು ಸಾಲಿನಿಂದಲೇ ತಿಳಿಯುತ್ತದೆ. ಇಷ್ಟು ಕಟ್ಟುನಿಟ್ಟಿಲ್ಲದ ಪ್ರಾಜೆಕ್ಟ್‌ನಲ್ಲೂ ಈ ಪದ್ಧತಿ ಇಟ್ಟುಕೊಂಡರೆ ಚೆರ್ರಿ-ಪಿಕ್ ಮಾಡುವವರ, ಅಂದರೆ ಒಂದು ಕಮಿಟ್ ಅನ್ನಷ್ಟೇ ಆರಿಸಿ ಬೇರೆ ಬ್ರಾಂಚ್‌ಗೆ ಒಯ್ಯುವವರ ಕೆಲಸ ಬಹಳ ಹಗುರ.

ಆದರೆ ಸಾಲು ಕಡಿಮೆ ಇದ್ದ ಮಾತ್ರಕ್ಕೆ ಪ್ಯಾಚ್ ಸುರಕ್ಷಿತ ಎಂದುಕೊಳ್ಳಬೇಡಿ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಪ್ಯಾಕೇಜ್‌ನಲ್ಲಿ ಆದದ್ದು ಇದೇ. ಶುರುವಿನ ಬೆಲೆ ಕೊಡದ ಮೆಮೊರಿಯನ್ನು ಓದುತ್ತಿದೆ ಎಂದು ಮೆಮೊರಿ ತಪ್ಪುಗಳನ್ನು ಹುಡುಕುವ ವಾಲ್‌ಗ್ರೈಂಡ್ ಉಪಕರಣ ಎಚ್ಚರಿಕೆ ಕೊಡುತ್ತಿತ್ತು. ಅದನ್ನು ನಿಲ್ಲಿಸಲು, ನೋಡಲು ಒಂದೇ ಥರ ಇದ್ದ ಸಾಲನ್ನು ಎರಡು ಕಡೆ ತೆಗೆಯಲಾಯಿತು. ಒಂದು ಕಡೆ ಅದರಿಂದ ಹೆಚ್ಚಿನ ತೊಂದರೆ ಇರಲಿಲ್ಲ. ಇನ್ನೊಂದು ಕಡೆ ಕೀ ತಯಾರಿಸಲು ಬೇಕಾದ ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜವನ್ನು (ಊಹಿಸಲಾಗದ ಆರಂಭದ ಬೆಲೆ) ಬೆರೆಸುತ್ತಿದ್ದುದೇ ಆ ಸಾಲು. ಅದು ಹೋದ ಮೇಲೆ ಬೀಜವಾಗಿ ಉಳಿದದ್ದು ಪ್ರೊಸೆಸ್ ಐಡಿ ಮಾತ್ರ, ಅಂದರೆ ಹೆಚ್ಚೆಂದರೆ 32,768 ಸಾಧ್ಯತೆಗಳು. 2008ರ ಮೇನಲ್ಲಿ ಇದು ಬಯಲಿಗೆ ಬಂದಾಗ ಪ್ಯಾಕೇಜ್ ಅಪ್‌ಡೇಟ್ ಮಾಡಿದರಷ್ಟೇ ಸಾಲುತ್ತಿರಲಿಲ್ಲ. ಆ ಅವಧಿಯಲ್ಲಿ ತಯಾರಾದ ಎಸ್‌ಎಸ್‌ಎಚ್ ಮತ್ತು ಟಿಎಲ್‌ಎಸ್ ಕೀಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು. ಹಾಗಾಗಿ ಸಾಲುಗಳನ್ನು ಎಣಿಸುವ ಮೊದಲು ಈ ಸಾಲನ್ನು ನೆಚ್ಚಿಕೊಂಡವರು ಯಾರು ಎಂದು ನೋಡಬೇಕು. ಕೋಡ್‌ನ ಇತಿಹಾಸ ಇಡುವ ಗಿಟ್‌ನ ಲಾಗ್ ಆಜ್ಞೆಗೆ ದೊಡ್ಡಕ್ಷರದ ಎಸ್ ಆಯ್ಕೆಯ ಜೊತೆ ಆ ಸಾಲಿನ ಪಠ್ಯ ಕೊಟ್ಟರೆ ಅದು ಯಾವ ಕಮಿಟ್‌ನಲ್ಲಿ ಬಂತು ಎಂಬುದು ಸಿಗುತ್ತದೆ. ಆ ಕಮಿಟ್ ಸಂದೇಶವನ್ನು ಓದದೆ ಅಳಿಸಬೇಡಿ.

ರಿಫ್ಯಾಕ್ಟರಿಂಗ್ ಕಡೆಯಿಂದಲೂ ಇದೇ ಅಪಾಯವಿದೆ, ಸ್ವಲ್ಪ ಬೇರೆ ವೇಷದಲ್ಲಿ. ಕಾನ್ಫಿಗ್ ಫೈಲ್‌ನಿಂದ ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿ) ಓದುವ ಕೋಡ್, ಬೆಲೆ ಖಾಲಿ ಇದ್ದಾಗ ಕ್ರ್ಯಾಶ್ ಆಗುತ್ತಿದೆ ಎಂದಿಟ್ಟುಕೊಳ್ಳಿ. ಬೆಲೆ ಖಾಲಿಯೇ ಎಂದು ನೋಡುವ ಎರಡು ಸಾಲು ಸಾಕು. ಹುಡುಕಿದರೆ ಅದೇ ಕೋಡ್ ನೆಟ್‌ವರ್ಕ್ ಕ್ಲೈಂಟ್, ಡೇಟಾಬೇಸ್ ಸಂಪರ್ಕ, ಜಾಬ್ ಷೆಡ್ಯೂಲರ್ ಮೂರರಲ್ಲೂ ನಕಲಾಗಿದೆ. ಮೂರನ್ನೂ ಕಿತ್ತು ಒಂದು ಸಾಮಾನ್ಯ ಫಂಕ್ಷನ್ ಬರೆಯುವುದು ಸುಲಭವೆಂದು ಕಾಣುತ್ತದೆ. ಆದರೆ ಎರಡು ಕಡೆ ಆ ಅಂಕಿ ಸೆಕೆಂಡು, ಡೇಟಾಬೇಸ್‌ನಲ್ಲಿ ಮಾತ್ರ ಮಿಲಿಸೆಕೆಂಡು. ಹೊಸ ಫಂಕ್ಷನ್ ಎಲ್ಲವನ್ನೂ ಮಿಲಿಸೆಕೆಂಡು ಎಂದು ಓದಿದರೆ 30 ಎಂದು ಬರೆದಿಟ್ಟವರ ನೆಟ್‌ವರ್ಕ್ ಕರೆಗಳು ಬಿಡುಗಡೆಯ ದಿನವೇ ಬಿದ್ದುಹೋಗುತ್ತವೆ. ನಿಮ್ಮ ಟೆಸ್ಟ್‌ಗಳಲ್ಲಿ ಇದು ಕಾಣಲಿಕ್ಕಿಲ್ಲ, ಅಲ್ಲಿ ಸರ್ವರ್ ಅದೇ ಯಂತ್ರದಲ್ಲಿ ಇರುವುದರಿಂದ ಉತ್ತರ ಅಷ್ಟರೊಳಗೇ ಬಂದುಬಿಡುತ್ತದೆ.

ಇಲ್ಲಿ ನಾಲ್ಕು ಹೆಜ್ಜೆ ಬೇಕು. ಕ್ರ್ಯಾಶ್ ಆಗುವ ಜಾಗವನ್ನು ಮಾತ್ರ ತಿದ್ದಿ ಮರ್ಜ್ ಮಾಡಿಸಿ. ಆಮೇಲೆ ಮೂರೂ ಕಡೆ ಈಗಿನ ವರ್ತನೆಯನ್ನು ಇದ್ದ ಹಾಗೇ ಹಿಡಿದಿಡುವ ಟೆಸ್ಟ್ ಬರೆಯಿರಿ: ಖಾಲಿ, ಸೊನ್ನೆ, ಋಣ ಸಂಖ್ಯೆ, ಅಂಕಿಯ ಹಿಂದೆ ಮುಂದೆ ಸ್ಪೇಸ್. ತಪ್ಪೆನಿಸಿದ ವರ್ತನೆಯನ್ನೂ ಹಾಗೇ ದಾಖಲಿಸಿ. ಮೂರನೆಯದಾಗಿ, ಮಾನ ಸೆಕೆಂಡೋ ಮಿಲಿಸೆಕೆಂಡೋ ಎಂದು ಕರೆಯುವವರೇ ಹೇಳಬೇಕಾದ ಹೊಸ ಫಂಕ್ಷನ್ ಸೇರಿಸಿ. ಕೊನೆಗೆ ಒಂದೊಂದೇ ಕರೆಯನ್ನು ಒಂದೊಂದು ಕಮಿಟ್‌ನಲ್ಲಿ ಬದಲಿಸಿ. ಪ್ರತಿ ಕಮಿಟ್‌ನಲ್ಲೂ ಬಿಲ್ಡ್ ಆಗಿ ಟೆಸ್ಟ್ ಪಾಸಾಗಲೇಬೇಕು. ನಡುವೆ ಒಂದು ಕಮಿಟ್ ಮುರಿದಿದ್ದರೂ ಮುಂದೆ ಗಿಟ್ ಬೈಸೆಕ್ಟ್ ಮಾಡುವವರು (ಬಗ್ ತಂದ ಕಮಿಟ್ ಅನ್ನು ಇತಿಹಾಸವನ್ನು ಅರ್ಧರ್ಧ ಮಾಡುತ್ತ ಹುಡುಕುವವರು) ಅಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತಾರೆ.

ಇದನ್ನೇ ದೊಡ್ಡ ಮಟ್ಟದಲ್ಲಿ ನೋಡಬೇಕೆಂದರೆ ಲಿನಕ್ಸ್ ಕರ್ನಲ್‌ನ ಟೈಮರ್ ಬದಲಾವಣೆ ಇದೆ. ಹಿಂದೆ ಟೈಮರ್ ಫಂಕ್ಷನ್‌ಗೆ ಒಂದು ಪೂರ್ಣಾಂಕ ಸಿಗುತ್ತಿತ್ತು, ಡ್ರೈವರ್‌ಗಳು ಅದರಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ) ತುಂಬಿಸಿ ಕಳಿಸುತ್ತಿದ್ದವು. ಹೊಸ ವಿಧಾನದಲ್ಲಿ ಟೈಮರ್‌ನ ಪಾಯಿಂಟರ್ರೇ ಬರುತ್ತದೆ. 4.14ರಲ್ಲಿ ಹೊಸದನ್ನು ಹಳೆಯದರ ಪಕ್ಕದಲ್ಲೇ ಸೇರಿಸಿದರು, 4.15ರಲ್ಲಿ ಕರ್ನಲ್ ತುಂಬ ಇದ್ದ ಕರೆಗಳನ್ನೆಲ್ಲ ಬದಲಿಸಿ ಹಳೆಯದನ್ನು ತೆಗೆದರು. ಒಂದೇ ಅಚ್ಚಿನಲ್ಲಿದ್ದವನ್ನು ಕಾಕ್ಸಿನೆಲ್ ಎಂಬ ಉಪಕರಣಕ್ಕೆ ನಿಯಮ ಬರೆದು ಬದಲಿಸಿದರು, ಅಚ್ಚಿಗೆ ಕೂರದವನ್ನು ಕೈಯಲ್ಲಿ. ಆಂತರಿಕ ಇಂಟರ್‌ಫೇಸ್ ಬದಲಿಸಿದವರೇ ಅದನ್ನು ಬಳಸುವ ಕೋಡನ್ನೂ ಸರಿಪಡಿಸಬೇಕು ಎಂಬುದು ಅಲ್ಲಿಯ ಪದ್ಧತಿ. ಎಲ್ಲ ಪ್ರಾಜೆಕ್ಟ್‌ಗೂ ಇದು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಫಂಕ್ಷನ್ ಬರೆದು ಹಳೆಯ ಕರೆಗಳನ್ನು ಇನ್ನೊಬ್ಬರಿಗೆ ಬಿಟ್ಟು ಹೋದರೆ ಮೂರು ವಿಧಾನ ಇದ್ದಲ್ಲಿ ನಾಲ್ಕಾಗುತ್ತದೆ, ಅಷ್ಟೇ.

ಫಾರ್ಮ್ಯಾಟಿಂಗ್ ವಿಷಯ ಬೇರೆ. ಅದನ್ನು ಉಪಕರಣಕ್ಕೆ ಬಿಟ್ಟು ಒಂದೇ ಏಟಿಗೆ ಮುಗಿಸಿ. ಓಪನ್‌ಎಸ್‌ಎಸ್‌ಎಲ್ 2015ರ ಆರಂಭದಲ್ಲಿ ಇಡೀ ಕೋಡನ್ನು ಮರುಫಾರ್ಮ್ಯಾಟ್ ಮಾಡಿದಾಗ ಹಳೆಯ ಬ್ರಾಂಚ್‌ಗಳಲ್ಲೂ ಮಾಡಿತು. ಮುಖ್ಯ ಬ್ರಾಂಚ್‌ನಲ್ಲಿ ಮಾತ್ರ ಮಾಡಿದ್ದರೆ ಅದಾದ ಮೇಲಿನ ಪ್ರತಿ ಭದ್ರತಾ ಪ್ಯಾಚ್ ಅನ್ನೂ ಕೈಯಲ್ಲಿ ಹೊಂದಿಸಬೇಕಾಗುತ್ತಿತ್ತು. ಇಂಥ ಕಮಿಟ್‌ನಿಂದ ಬ್ಲೇಮ್ (ಪ್ರತಿ ಸಾಲನ್ನು ಕೊನೆಯದಾಗಿ ಬದಲಿಸಿದ ಕಮಿಟ್ ತೋರಿಸುವ ಗಿಟ್ ಆಜ್ಞೆ) ಹಾಳಾಗದಂತೆ ತಡೆಯಲು ಗಿಟ್ 2.23ರಿಂದ ದಾರಿ ಇದೆ: ಕಡೆಗಣಿಸಬೇಕಾದ ಕಮಿಟ್‌ಗಳ ಪೂರ್ತಿ ಹ್ಯಾಶ್‌ಗಳನ್ನು ಒಂದು ಫೈಲ್‌ನಲ್ಲಿ ಬರೆದು ಬ್ಲೇಮ್‌ಗೆ ತೋರಿಸಬಹುದು. 2022ರ ಫೆಬ್ರವರಿಯಲ್ಲಿ ಬ್ಲ್ಯಾಕ್ ಎಂಬ ಫಾರ್ಮ್ಯಾಟಿಂಗ್ ಉಪಕರಣಕ್ಕೆ ಹೋದಾಗ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೋ ಪ್ರಾಜೆಕ್ಟ್ ಹಾಗೇ ಮಾಡಿತು. ಸ್ಕ್ವಾಷ್ (ಹಲವು ಕಮಿಟ್ ಒಂದಾಗಿಸುವುದು) ಅಥವಾ ರೀಬೇಸ್ (ಕಮಿಟ್‌ಗಳನ್ನು ಹೊಸ ಬುಡದ ಮೇಲೆ ಕೂರಿಸುವುದು) ಆದರೆ ಹ್ಯಾಶ್ ಬದಲಾಗುತ್ತದೆ, ಆದ್ದರಿಂದ ಮರ್ಜ್ ಆದ ಮೇಲಷ್ಟೇ ಹ್ಯಾಶ್ ಅನ್ನು ಆ ಫೈಲ್‌ಗೆ ಬೇರೆ ಕಮಿಟ್‌ನಲ್ಲಿ ಸೇರಿಸಿ.

ರಿಫ್ಯಾಕ್ಟರಿಂಗ್ ಯಾವಾಗ ಶುರು ಮಾಡಬೇಕು ಎಂಬುದಕ್ಕೆ ನಾವು ನೋಡುವುದು ಇಷ್ಟು: ಒಂದೇ ತಿದ್ದುಪಡಿ ಮೂರನೇ ಜಾಗದಲ್ಲಿ ಬೇಕಾಯಿತೇ, ಅದನ್ನು ರಿವ್ಯೂ ಮಾಡುತ್ತೇನೆ ಎಂದು ಒಬ್ಬ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ಮೊದಲೇ ಒಪ್ಪಿದ್ದಾರೆಯೇ, ಬಿಡುಗಡೆಗೆ ಇನ್ನೂ ಸಮಯವಿದೆಯೇ. ಮೂರರಲ್ಲಿ ಒಂದು ಇಲ್ಲದಿದ್ದರೂ ತಿದ್ದುಪಡಿ ಕಳಿಸಿ, ಉಳಿದದ್ದಕ್ಕೆ ಒಂದು ಇಶ್ಯೂ (ಮಾಡಬೇಕಾದ ಕೆಲಸದ ದಾಖಲೆ) ತೆರೆಯಿರಿ. ಅದರಲ್ಲಿ ಕೋಡ್ ಕೆಟ್ಟದಾಗಿದೆ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಫೈಲ್, ಯಾವ ಫಂಕ್ಷನ್, ಎಲ್ಲೆಲ್ಲಿಂದ ಕರೆ ಬರುತ್ತದೆ, ಯಾವ ವ್ಯತ್ಯಾಸವನ್ನು ಮುಟ್ಟಬಾರದು, ಈಗಾಗಲೇ ಸೇರಿದ ತಿದ್ದುಪಡಿಗಳ ಕಮಿಟ್ ಯಾವುವು ಎಂಬುದನ್ನು ಬರೆಯಿರಿ. ಅಷ್ಟಿದ್ದರೆ ಪ್ರಾಜೆಕ್ಟ್‌ಗೆ ಹೊಸದಾಗಿ ಬಂದವರೂ ಅದನ್ನು ಎತ್ತಿಕೊಳ್ಳಬಹುದು.